ಕೇಳುವವರ ಕಸುಬು: ಲೈಫ್ ಕೋಚ್

ಮುಂದೇನು ಮಾಡುವುದೆಂದು ತೋಚದೆ ನಿಂತವರ ಜೊತೆ ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಕುಳಿತು, ಅವರ ಗುರಿಯನ್ನು ಅವರ ಬಾಯಿಂದಲೇ ಹೊರಡಿಸಿ, ಆ ಕಡೆಗೆ ಹೆಜ್ಜೆ ಇಡಿಸುವುದು ಲೈಫ್ ಕೋಚ್‌ನ ಕೆಲಸ. ನೌಕರಿ ಬಿಡುವುದೋ ಬೇಡವೋ, ಹೊಸ ಧಂದೆಗೆ ಕೈ ಹಾಕುವುದೋ, ನಿವೃತ್ತಿಯ ನಂತರದ ದಿನಗಳನ್ನು ಹೇಗೆ ಕಳೆಯುವುದು ಎಂಬಂಥ ಪ್ರಶ್ನೆಗಳನ್ನು ಹೊತ್ತವರು ಕೋಚ್ ಬಳಿ ಬರುತ್ತಾರೆ.

ಈ ವೃತ್ತಿಯ ಒಂದು ಬೇರು ಆಟದ ಮೈದಾನದಲ್ಲಿದೆ. ಟೆನಿಸ್ ಆಟಗಾರನ ದೊಡ್ಡ ಎದುರಾಳಿ ಅವನ ಮನಸ್ಸಿನಲ್ಲೇ ಕೂತಿರುತ್ತಾನೆ ಎಂದು ಅಮೆರಿಕದ ಟಿಮೊಥಿ ಗಾಲ್ವೇ 1974ರ ತಮ್ಮ ಪುಸ್ತಕದಲ್ಲಿ ವಾದಿಸಿದರು. ಕಾರು ರೇಸ್ ಓಡಿಸುತ್ತಿದ್ದ ಬ್ರಿಟನ್ನಿನ ಜಾನ್ ವಿಟ್ಮೋರ್ ಅದೇ ವಿಚಾರವನ್ನು ಕಚೇರಿಗಳಿಗೆ ತಂದು, 1992ರಲ್ಲಿ ಪುಸ್ತಕ ಬರೆದರು. 1995ರಲ್ಲಿ ಥಾಮಸ್ ಲಿಯೊನಾರ್ಡ್ ಇಂಟರ್‌ನ್ಯಾಷನಲ್ ಕೋಚ್ ಫೆಡರೇಷನ್ ಕಟ್ಟಿದರು.

ಮೊದಲ ಭೇಟಿಯಲ್ಲಿ ಕರಾರು ಆಗುತ್ತದೆ: ಎಷ್ಟು ಭೇಟಿ, ಫೀಸು ಎಷ್ಟು, ಆಡಿದ ಮಾತು ಹೊರಗೆ ಹೋಗದಿರುವ ಭರವಸೆ ಏನು. ಆಮೇಲಿನ ಮಾತುಕತೆಗೆ ವಿಟ್ಮೋರ್ ಬಳಕೆಗೆ ತಂದ ನಾಲ್ಕು ಮೆಟ್ಟಿಲುಗಳಿವೆ: ಗುರಿ, ಸದ್ಯದ ಸ್ಥಿತಿ, ಇರುವ ದಾರಿಗಳು, ಗಟ್ಟಿ ನಿರ್ಧಾರ. ಬೀದರ್ ಜಿಲ್ಲೆಯ ಔರಾದಿನ ಪದವೀಧರನೊಬ್ಬ ಹೈದರಾಬಾದಿನ ನೌಕರಿಗೂ ಅಪ್ಪನ ಸೋಯಾ, ತೊಗರಿಯ ಹೊಲಕ್ಕೂ ನಡುವೆ ತೂಗಾಡುತ್ತಿದ್ದಾನೆ ಎಂದುಕೊಳ್ಳಬಹುದು. ಹೋಗು ಎಂದೂ ಇರು ಎಂದೂ ಕೋಚ್ ಹೇಳುವುದಿಲ್ಲ, ಪ್ರಶ್ನೆ ಕೇಳುತ್ತಾರೆ: ಐದು ವರ್ಷದ ನಂತರ ಬೆಳಿಗ್ಗೆ ಎದ್ದು ಎಲ್ಲಿಗೆ ಹೊರಡಬೇಕೆಂಬ ಆಸೆ ಇದೆ? ಹೊಲದ ಸಾಲದ ಲೆಕ್ಕ ಕಣ್ಣಾರೆ ನೋಡಿದ್ದು ಯಾವಾಗ? ಅಪ್ಪನ ಜೊತೆ ಈ ಮಾತು ಎತ್ತಿದ್ದಾಗಿದೆಯೇ? ಕೊನೆಗೆ, ಬರುವ ಭೇಟಿಯೊಳಗೆ ಏನು ಮಾಡಿ ಬರುವೆ? ಈ ಕೊನೆಯ ಪ್ರಶ್ನೆಯಲ್ಲೇ ಕಸುಬಿನ ಜೀವ ಇದೆ. ಒಪ್ಪಿಕೊಂಡ ಕೆಲಸದ ಲೆಕ್ಕ ಮುಂದಿನ ಭೇಟಿಯಲ್ಲಿ ಕೊಡಬೇಕಾಗುತ್ತದೆ.

ಬೀದರ್ ಜಿಲ್ಲೆಗೆ ಮಾರ್ಗದರ್ಶನ ಹೊಸತಲ್ಲ. ಔರಾದ ಸೀಮೆಯ ಕಮಲನಗರದಲ್ಲಿ ಹುಟ್ಟಿ ಭಾಲ್ಕಿ ಹಿರೇಮಠದ ಪೀಠಕ್ಕೆ ಬಂದ ಡಾ. ಚನ್ನಬಸವ ಪಟ್ಟದ್ದೇವರು (1890–1999) ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದವರು. ಬೀದರ್ ನಗರದಲ್ಲಿ 1989ರಲ್ಲಿ ಅಬ್ದುಲ್ ಖದೀರ್ ಆರಂಭಿಸಿದ ಶಾಹೀನ್ ಸಂಸ್ಥೆ, ನಡುವೆ ಶಾಲೆ ಬಿಟ್ಟವರನ್ನೂ ಮದರಸಾದಿಂದ ಬಂದವರನ್ನೂ ಮುಖ್ಯ ಶಿಕ್ಷಣಕ್ಕೆ ತರಲು ಪ್ರತ್ಯೇಕ ವಿಭಾಗ ನಡೆಸುತ್ತದೆ. ಇಂಥವರ ಕೈಯಲ್ಲಿ ಒಂದು ದಾರಿ ಮೊದಲೇ ಇರುತ್ತದೆ, ಆ ದಾರಿಯಲ್ಲಿ ಅವರು ಕರೆದೊಯ್ಯುತ್ತಾರೆ. ಕೋಚ್‌ನ ಬಳಿ ಅಂಥ ದಾರಿ ಇರುವುದಿಲ್ಲ. ಹೀಗಾಗಿ ಯಾವ ಕೋರ್ಸು ಇದೆ, ಯಾವ ಹಾಸ್ಟೆಲಿನಲ್ಲಿ ಜಾಗ ಸಿಗುತ್ತದೆ ಎಂಬುದೇ ಗೊತ್ತಿಲ್ಲದ ಹಳ್ಳಿ ಹುಡುಗಿಗೆ ಪ್ರಶ್ನೆಗಳಿಂದ ಹೆಚ್ಚೇನೂ ದಕ್ಕದು. ಅವಳಿಗೆ ಮೊದಲು ಬೇಕಾದದ್ದು ಮಾಹಿತಿ, ಒಬ್ಬ ಒಳ್ಳೆಯ ಮೇಷ್ಟ್ರು. ಆಯ್ಕೆಗಳು ಕಣ್ಣೆದುರಿದ್ದೂ ಕೈ ಚಾಚಲಾಗದವರಿಗೆ ಕೋಚ್‌ನ ಪ್ರಯೋಜನ ಹೆಚ್ಚು.

ಭೇಟಿಗಳು ಈಗ ಫೋನು, ವಿಡಿಯೊದಲ್ಲೂ ನಡೆಯುವುದರಿಂದ ಭಾಲ್ಕಿಯಲ್ಲಿ ಕೂತು ಬೆಂಗಳೂರಿನ ಕೋಚ್ ಜೊತೆ ಮಾತಾಡಬಹುದು. ಆದರೆ ಕನ್ನಡ, ಮರಾಠಿ, ದಖನಿ ಬೆರೆತ ನುಡಿಯಲ್ಲಿ ಯೋಚಿಸುವವರು ಇಂಗ್ಲಿಷಿನಲ್ಲಿ ಮನಸ್ಸು ಬಿಚ್ಚಲು ತಡವರಿಸುತ್ತಾರೆ. ಫೀಸಿಗಿಂತ ಮೊದಲು ಭಾಷೆಯನ್ನು ವಿಚಾರಿಸುವುದು ಲೇಸು.

ವಿಚಾರಿಸಬೇಕಾದ್ದು ಇನ್ನೂ ಇದೆ. ಭಾರತದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಲು ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು, ಮನೋವೈದ್ಯರಿಗೆ ವೈದ್ಯಕೀಯ ಪರಿಷತ್ತಿನದು. ಲೈಫ್ ಕೋಚ್‌ಗೆ ಅಂಥ ಸರ್ಕಾರಿ ಪರವಾನಗಿಯ ಕಟ್ಟಳೆ ಇಲ್ಲ, ಯಾರು ಬೇಕಾದರೂ ಫಲಕ ಹಾಕಬಹುದು. ಲಿಯೊನಾರ್ಡ್ ಕಟ್ಟಿದ ಫೆಡರೇಷನ್ ತನ್ನ ಮೊದಲ ಹಂತದ ಮಾನ್ಯತೆಗೆ ಕನಿಷ್ಠ 60 ಗಂಟೆ ತರಬೇತಿ, 100 ಗಂಟೆ ಅನುಭವ ಕೇಳುತ್ತದೆ. ಇಷ್ಟು ದಿನದಲ್ಲಿ ಬದುಕು ಬದಲಿಸಿಕೊಡುವೆ ಎಂದು ಖಾತರಿ ಕೊಡುವವರಿಂದ ದೂರ ಇರುವುದೇ ಕ್ಷೇಮ.

ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರದು, ಕುಡಿತ ಬಿಡಲಾಗದು, ಸಾಯುವ ಯೋಚನೆ ಬರುತ್ತದೆ ಎಂದರೆ ಅದು ಕೋಚ್‌ನ ಕೆಲಸವಲ್ಲ. ಜವಾಬ್ದಾರಿಯುಳ್ಳ ಕೋಚ್ ಅಲ್ಲಿಗೇ ನಿಲ್ಲಿಸಿ ವೈದ್ಯರ ಕಡೆ ಕಳಿಸುತ್ತಾರೆ. ಬೀದರ್‌ನಲ್ಲಿ ಅದಕ್ಕೆ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ (ಬ್ರಿಮ್ಸ್) ಆಸ್ಪತ್ರೆ ಇದೆ. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.