ಕಾಲೇಜು ಬದಲಿಸಿದ ವಿದ್ಯಾರ್ಥಿ ಯಾರ ಲೆಕ್ಕಕ್ಕೆ?

ಕ್ಯಾಲಿಫೋರ್ನಿಯಾದ ಸಮುದಾಯ ಕಾಲೇಜೊಂದರಲ್ಲಿ ಎರಡು ವರ್ಷ ಓದಿ, ಅಲ್ಲಿನ ಪ್ರಮಾಣಪತ್ರ ಪಡೆಯುವ ಮುನ್ನವೇ ರಾಜ್ಯ ವಿಶ್ವವಿದ್ಯಾಲಯಕ್ಕೆ ವರ್ಗಾವಣೆಗೊಂಡು ಪದವಿ ಮುಗಿಸಿದ ವಿದ್ಯಾರ್ಥಿನಿಯೊಬ್ಬಳನ್ನು ಊಹಿಸಿಕೊಳ್ಳಬಹುದು. ಅವಳ ಕೈಯಲ್ಲಿ ಪದವಿ ಇದೆ. ಆದರೆ ಅಮೆರಿಕದ ಕೇಂದ್ರ ಸರ್ಕಾರ ಬಹುಕಾಲ ಪ್ರಕಟಿಸುತ್ತಿದ್ದ ಪದವೀಧರರ ಶೇಕಡಾವಾರು ಲೆಕ್ಕದಲ್ಲಿ ಅವಳಿಗೆ ಸ್ಥಾನವಿರಲಿಲ್ಲ. ಬಿಟ್ಟ ಕಾಲೇಜಿನ ಪಟ್ಟಿಯಲ್ಲಿ ಅವಳು ಓದು ಪೂರೈಸದವಳು. ಸೇರಿದ ವಿಶ್ವವಿದ್ಯಾಲಯದ ಪಟ್ಟಿಯಲ್ಲಿ ಗಣನೆಗೇ ಬಾರದವಳು.

ಇದರ ಮೂಲ ಇರುವುದು 1990ರ ಕಾಯ್ದೆಯೊಂದರಲ್ಲಿ. ಪ್ರತಿ ಕಾಲೇಜೂ ತನ್ನಲ್ಲಿ ಎಷ್ಟು ಮಂದಿ ಪದವಿ ಪಡೆಯುತ್ತಾರೆ ಎಂಬುದನ್ನು ಬಹಿರಂಗಪಡಿಸಬೇಕೆಂದು ಅದು ವಿಧಿಸಿತು. ಉದ್ದೇಶ ಒಳ್ಳೆಯದೇ. ಆದರೆ ಲೆಕ್ಕಕ್ಕೆ ಹಿಡಿದದ್ದು ಮೊದಲ ಬಾರಿಗೆ ಕಾಲೇಜು ಸೇರಿದ, ಪೂರ್ಣಾವಧಿ ಓದುವ, ನಿಗದಿತ ಕಾಲದ ಒಂದೂವರೆ ಪಟ್ಟು ಅವಧಿಯೊಳಗೆ ಅದೇ ಕಾಲೇಜಿನಲ್ಲಿ ಓದು ಮುಗಿಸುವವರನ್ನು ಮಾತ್ರ. ಹಗಲು ದುಡಿದು ಸಂಜೆ ಓದುವವರು, ನಡುವೆ ಕಾಲೇಜು ಬದಲಿಸಿದವರು ಹೊರಗುಳಿದರು. ಇವರನ್ನೂ ಒಳಗೊಳ್ಳುವ ಪ್ರತ್ಯೇಕ ಲೆಕ್ಕ ಆರಂಭವಾದದ್ದು 2015-16ರಲ್ಲಿ.

ಎರಡು ಮೆಟ್ಟಿಲಿನ ವ್ಯವಸ್ಥೆ

ಕ್ಯಾಲಿಫೋರ್ನಿಯಾಕ್ಕೆ ಈ ಪ್ರಶ್ನೆ ಸಣ್ಣದಲ್ಲ. 1960ರಲ್ಲಿ ರೂಪಿಸಿದ ಮಹಾಯೋಜನೆಯ ಪ್ರಕಾರ ಅಲ್ಲಿನ ಸಾರ್ವಜನಿಕ ಉನ್ನತ ಶಿಕ್ಷಣ ಮೂರು ಹಂತಗಳಲ್ಲಿದೆ: ಮೇಲೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ, ನಡುವೆ ರಾಜ್ಯ ವಿಶ್ವವಿದ್ಯಾಲಯ, ಕೆಳಗೆ ಎಲ್ಲರಿಗೂ ಬಾಗಿಲು ತೆರೆದ ಸಮುದಾಯ ಕಾಲೇಜುಗಳು. ಇಂದು ಇಂತಹ 116 ಕಾಲೇಜುಗಳಿವೆ. ಇವು ನಮ್ಮ ಪದವಿಪೂರ್ವ ಕಾಲೇಜುಗಳಂತಲ್ಲ. ಪದವಿಯ ಮೊದಲ ಎರಡು ವರ್ಷಗಳ ಪಾಠವನ್ನೇ ಇಲ್ಲಿ ಕಡಿಮೆ ಶುಲ್ಕಕ್ಕೆ ಹೇಳಿಕೊಡಲಾಗುತ್ತದೆ. ಮುಂದಿನ ಎರಡು ವರ್ಷಕ್ಕೆ ವಿಶ್ವವಿದ್ಯಾಲಯಕ್ಕೆ ಹೋಗಬೇಕು. ಹೊಸದಾಗಿ ಸೇರುವ ಪ್ರತಿ ಇಬ್ಬರಿಗೆ ವರ್ಗಾವಣೆಯಿಂದ ಬಂದ ಒಬ್ಬರನ್ನು ಸೇರಿಸಿಕೊಳ್ಳುವುದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಗುರಿ. ಬಡವರ ಮಕ್ಕಳು, ಸಂಸಾರಸ್ಥರು, ಮನೆಯಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದವರು ಹೆಚ್ಚಾಗಿ ಹಿಡಿಯುವುದು ಈ ದಾರಿಯನ್ನೇ. ಹಾಗಾಗಿ ವರ್ಗಾವಣೆಯಾಗುತ್ತಿರುವವರು ಯಾರು ಎಂಬುದು ಕಚೇರಿಯ ಅಂಕಿ ಅಂಶವಷ್ಟೇ ಅಲ್ಲ, ಮಹಾಯೋಜನೆಯ ಭರವಸೆ ಈಡೇರಿದೆಯೇ ಎಂಬುದರ ಅಳತೆಗೋಲು.

ಕಾಲೇಜನ್ನಲ್ಲದೆ ವಿದ್ಯಾರ್ಥಿಯನ್ನೇ ಹಿಂಬಾಲಿಸುವ ವ್ಯವಸ್ಥೆ ಹುಟ್ಟಿದ್ದು ಬೇರೊಂದು ಕಾರಣಕ್ಕೆ. ಶಿಕ್ಷಣ ಸಾಲ ಪಡೆದವನು ಓದುತ್ತಿರುವವರೆಗೆ ಕಂತು ಕಟ್ಟಬೇಕಿಲ್ಲ. ಆದರೆ ಅವನು ಕಾಲೇಜು ಬದಲಿಸಿದರೆ, ಇನ್ನೂ ಓದುತ್ತಿದ್ದಾನೆಯೇ ಎಂಬುದು ಸಾಲ ಕೊಟ್ಟವರಿಗೆ ತಿಳಿಯುತ್ತಿರಲಿಲ್ಲ. ಈ ಗೊಂದಲ ನಿವಾರಿಸಲು 1993ರಲ್ಲಿ ಲಾಭದ ಉದ್ದೇಶವಿಲ್ಲದ ಸಂಸ್ಥೆಯೊಂದು ಸ್ಥಾಪನೆಯಾಯಿತು. ಅದೇ ಇಂದಿನ ನ್ಯಾಷನಲ್ ಸ್ಟೂಡೆಂಟ್ ಕ್ಲಿಯರಿಂಗ್‌ಹೌಸ್. ದೇಶದ ಕಾಲೇಜು ದಾಖಲಾತಿಯ ಬಹುಪಾಲು ಅದರ ಕಡತದಲ್ಲಿದೆ. ಸರ್ಕಾರವೇ ಈ ಕೆಲಸ ಮಾಡಬಹುದಿತ್ತಲ್ಲ ಎಂದರೆ, ವಿದ್ಯಾರ್ಥಿವಾರು ರಾಷ್ಟ್ರೀಯ ದಾಖಲೆ ಇಡುವುದನ್ನು ಖಾಸಗಿತನದ ಕಾರಣಕ್ಕೆ 2008ರ ಕಾಯ್ದೆ ನಿಷೇಧಿಸಿತು. ಆ ಅಂಜಿಕೆ ನಿರಾಧಾರವೆನ್ನುವಂತಿಲ್ಲ. 2023ರಲ್ಲಿ ಕಡತ ರವಾನಿಸುವ ತಂತ್ರಾಂಶವೊಂದರ ದೋಷದಿಂದ ಕ್ಲಿಯರಿಂಗ್‌ಹೌಸ್‌ನಲ್ಲಿದ್ದ ಸುಮಾರು 900 ಕಾಲೇಜುಗಳ ಮಾಹಿತಿ ಕಳ್ಳರ ಪಾಲಾಯಿತು.

ಅಂಕಿಗಳು ಹೇಳಿದ್ದು

2015ರಲ್ಲಿ ದೇಶದ ಸಮುದಾಯ ಕಾಲೇಜುಗಳನ್ನು ಸೇರಿದವರನ್ನು ಆರು ವರ್ಷ ಹಿಂಬಾಲಿಸಿದ ವರದಿ 2024ರಲ್ಲಿ ಹೊರಬಂತು. ನಾಲ್ಕು ವರ್ಷದ ಪದವಿ ಪಡೆಯುವ ಆಸೆಯಿಂದ ಈ ಕಾಲೇಜುಗಳಿಗೆ ಬರುವವರು ಶೇ 80ರಷ್ಟು. ವರ್ಗಾವಣೆಯಾದವರು ಮೂರರಲ್ಲಿ ಒಂದು ಪಾಲು. ಅವರಲ್ಲಿ ಪದವಿ ಮುಗಿಸಿದವರು ಸುಮಾರು ಅರ್ಧ. ಅಂದರೆ ಒಟ್ಟಾರೆ ಶೇ 16 ಮಾತ್ರ. ಇದೇ ಸಂಖ್ಯೆಯನ್ನು ಬಿಡಿಸಿ ನೋಡಿದರೆ, ಕಡಿಮೆ ಆದಾಯದವರಲ್ಲಿ ಶೇ 11, ಕಪ್ಪು ವರ್ಣೀಯರಲ್ಲಿ ಶೇ 9, ಇಪ್ಪತ್ತೈದು ದಾಟಿ ಕಾಲೇಜು ಸೇರಿದವರಲ್ಲಿ ಶೇ 6. ಸರಾಸರಿಯೊಂದನ್ನೇ ನೋಡಿದ್ದರೆ ಈ ಅಂತರ ಕಾಣುತ್ತಲೇ ಇರಲಿಲ್ಲ.

ಸೋರಿಕೆ ಎಲ್ಲಿ? ಓದಿದ ಪಾಠವನ್ನು ಹೊಸ ಕಾಲೇಜು ಮಾನ್ಯ ಮಾಡದಿರುವುದು ಒಂದು ದೊಡ್ಡ ಕಾರಣ. 2004ರಿಂದ 2009ರ ನಡುವೆ ವರ್ಗಾವಣೆಯಾದವರು ಗಳಿಸಿದ್ದ ಕ್ರೆಡಿಟ್‌ಗಳಲ್ಲಿ ಅಂದಾಜು ಶೇ 43 ವ್ಯರ್ಥವಾದವು ಎಂದು ಅಮೆರಿಕ ಸಂಸತ್ತಿನ ಲೆಕ್ಕ ತಪಾಸಣಾ ಸಂಸ್ಥೆ 2017ರಲ್ಲಿ ವರದಿ ಮಾಡಿತು. ಒಂದು ಸಾರ್ವಜನಿಕ ಕಾಲೇಜಿನಿಂದ ಮತ್ತೊಂದಕ್ಕೆ ಹೋದವರಿಗೂ ನಷ್ಟ ಶೇ 37. ಒಮ್ಮೆ ಶುಲ್ಕ ಕಟ್ಟಿ ತೇರ್ಗಡೆಯಾದ ವಿಷಯವನ್ನೇ ಮತ್ತೆ ಶುಲ್ಕ ಕಟ್ಟಿ ಓದುವ ಶಕ್ತಿ ಬಡ ವಿದ್ಯಾರ್ಥಿಗೆ ಎಲ್ಲಿಂದ ಬರಬೇಕು? ಇದಕ್ಕೆ ಪರಿಹಾರವಾಗಿ ಕ್ಯಾಲಿಫೋರ್ನಿಯಾ 2010ರಲ್ಲಿ ಶಾಸನ ಮಾಡಿತು. ನಿಗದಿತ 60 ಕ್ರೆಡಿಟ್ ಮುಗಿಸಿದವರಿಗೆ ರಾಜ್ಯ ವಿಶ್ವವಿದ್ಯಾಲಯದಲ್ಲಿ ಸೀಟು ಖಾತರಿ. ಉಳಿದ 60 ಓದಿದರೆ ಪದವಿ. ಆದರೂ 2017ರಿಂದ 2019ರ ಅವಧಿಯಲ್ಲಿ ವರ್ಗಾವಣೆಯ ಉದ್ದೇಶದಿಂದಲೇ ಸೇರಿದವರ ಪೈಕಿ ನಾಲ್ಕು ವರ್ಷದೊಳಗೆ ಅದನ್ನು ಸಾಧಿಸಿದವರು ಐವರಲ್ಲಿ ಒಬ್ಬರಷ್ಟೇ ಎಂದು ಆ ರಾಜ್ಯದ ಲೆಕ್ಕಪರಿಶೋಧಕರು 2024ರಲ್ಲಿ ಕಂಡುಕೊಂಡರು.

ಎಣಿಸುವ ವಿಭಾಗಗಳಲ್ಲೂ ತೊಡಕಿದೆ. 'ಏಷ್ಯನ್' ಎಂಬ ಒಂದೇ ಹೆಸರಿನಡಿ ಬೆಂಗಳೂರಿನಿಂದ ಹೋಗಿ ನೆಲೆಸಿದ ಎಂಜಿನಿಯರ್‌ನ ಮಗಳೂ ಕಾಂಬೋಡಿಯದ ನಿರಾಶ್ರಿತರ ಮಗನೂ ಬರುತ್ತಾರೆ. ಒಬ್ಬರ ಅನುಕೂಲ ಇನ್ನೊಬ್ಬರ ಸಂಕಷ್ಟವನ್ನು ಮರೆಮಾಡುತ್ತದೆ. ವಿದ್ಯಾರ್ಥಿಗಳ ಆಗ್ರಹದ ಮೇರೆಗೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ 2007ರಲ್ಲಿ ತನ್ನ ಅರ್ಜಿಯಲ್ಲಿ ಈ ವಿಭಾಗವನ್ನು ಬಿಡಿಸಿತು. ವೀಸಾ ಪಡೆದು ಓದಲು ಹೋದ ಕನ್ನಡಿಗರು ಮಾತ್ರ ಕೇಂದ್ರದ ಲೆಕ್ಕದಲ್ಲಿ ಏಷ್ಯನ್ನರಲ್ಲ. 'ಅನಿವಾಸಿ' ಎಂಬ ಪ್ರತ್ಯೇಕ ಸಾಲಿನಲ್ಲಿರುತ್ತಾರೆ.

ನಮ್ಮಲ್ಲಿ

ಟಿ.ಸಿ. ಪಡೆದು ಕಾಲೇಜು ಬದಲಿಸುವುದು ಇಲ್ಲಿಯೂ ಹೊಸತಲ್ಲ. 2010-11ರಿಂದ ನಡೆಯುತ್ತಿರುವ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆ ಪ್ರತಿ ಕಾಲೇಜಿನ ವಿದ್ಯಾರ್ಥಿಗಳನ್ನು ಲಿಂಗವಾರು, ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗವಾರು ಎಣಿಸುತ್ತದೆ. 2021-22ರಲ್ಲಿ ಅದು ದೇಶದಲ್ಲಿ ಎಣಿಸಿದ್ದು ಸುಮಾರು 4.33 ಕೋಟಿ ವಿದ್ಯಾರ್ಥಿಗಳನ್ನು. ಇದು ತಲೆ ಎಣಿಕೆ. ಯಾರು ಎಲ್ಲಿಂದ ಎಲ್ಲಿಗೆ ಹೋದರು ಎಂಬ ಜಾಡು ಇದರಲ್ಲಿಲ್ಲ.

ಜಾಡು ಹಿಡಿಯುವ ಸಾಧನ ಬಂದದ್ದು ಯುಜಿಸಿ 2021ರ ಜುಲೈನಲ್ಲಿ ಅಧಿಸೂಚನೆ ಹೊರಡಿಸಿದ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಮೂಲಕ. ವಿದ್ಯಾರ್ಥಿಗೆ ಖಾತೆ ತೆರೆದು, ಗಳಿಸಿದ ಕ್ರೆಡಿಟ್‌ಗಳನ್ನು ಹಣದಂತೆ ಜಮಾ ಮಾಡಲಾಗುತ್ತದೆ. ಕಾಲೇಜು ಬದಲಾದರೂ ಖಾತೆ ಬದಲಾಗದು. ಆದರೆ ಪದವಿ ನೀಡುವ ಸಂಸ್ಥೆಯಲ್ಲೇ ಕನಿಷ್ಠ ಅರ್ಧದಷ್ಟು ಕ್ರೆಡಿಟ್ ಗಳಿಸಿರಬೇಕೆಂಬ ಷರತ್ತಿದೆ. ಖಾತೆ ತೆರೆಯುವಾಗ ಹೆಸರು, ಜನ್ಮದಿನಾಂಕ ಮತ್ತು ಲಿಂಗದ ವಿವರ ಆಧಾರ್‌ನಿಂದ ಬರುತ್ತದೆ. ಜಾತಿಯಾಗಲಿ ಕುಟುಂಬದ ಆದಾಯವಾಗಲಿ ಆಧಾರ್‌ನಲ್ಲಿ ಇಲ್ಲ. ಅವು ಇರುವುದು ಕಾಲೇಜಿನ ಪ್ರವೇಶ ಅರ್ಜಿಯಲ್ಲಿ ಮತ್ತು ವಿದ್ಯಾರ್ಥಿವೇತನದ ಕಡತದಲ್ಲಿ. ಈ ಎರಡನ್ನೂ ಖಾತೆಯ ಸಂಖ್ಯೆಯೊಂದಿಗೆ ಕೂಡಿಸಿ ನೋಡಿದರೆ ಮಾತ್ರ ತಾಲ್ಲೂಕಿನ ಸರ್ಕಾರಿ ಕಾಲೇಜು ಬಿಟ್ಟವರಲ್ಲಿ ನಗರದ ಕಾಲೇಜು ತಲುಪಿದವರು ಯಾರು, ದಾರಿಯಲ್ಲೇ ಓದು ನಿಲ್ಲಿಸಿದವರು ಯಾರು ಎಂಬುದು ತಿಳಿಯುತ್ತದೆ.