ತಪ್ಪಿದ ತಾರೀಕು, ಒಪ್ಪಿದ ಸರ್ವರ್

ದಕ್ಷಿಣ ಕನ್ನಡದ ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಪ್ರಾಥಮಿಕ ಕೃಷಿ ಪತ್ತಿನ ಸಹಕಾರಿ ಸಂಘಗಳಲ್ಲಿ, ಅಂದರೆ ಊರವರು ಸೊಸೈಟಿ ಎಂದು ಕರೆಯುವಲ್ಲಿ, ಸಾಲದ ಲೆಕ್ಕಕ್ಕೆ ಮೊತ್ತ ಎಷ್ಟು ಮುಖ್ಯವೋ ತಾರೀಕೂ ಅಷ್ಟೇ ಮುಖ್ಯ; ಸಾಲ ಪಡೆದ ದಿನ, ಕಂತು ಕಟ್ಟಿದ ದಿನ, ವಾಯಿದೆ ಮುಗಿಯುವ ದಿನ, ಇವುಗಳಲ್ಲಿ ಒಂದು ಕದಲಿದರೂ ಬಡ್ಡಿಯ ಲೆಕ್ಕವೆಲ್ಲ ಕದಲುತ್ತದೆ. ಮೊಳಹಳ್ಳಿ ಶಿವರಾಯರಂಥವರ ದುಡಿಮೆಯಿಂದ ಸಹಕಾರ ಚಳವಳಿ ಬೇರೂರಿದ, ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕು 1914ರಲ್ಲಿ ಪುತ್ತೂರಿನಲ್ಲಿಯೇ ಹುಟ್ಟಿದ ಈ ಸೀಮೆಯಲ್ಲಿ ಆ ತಾರೀಕುಗಳು ಬಹುಕಾಲ ದಪ್ಪ ಲೆಡ್ಜರುಗಳ ಒಳಗೇ ಉಳಿದಿದ್ದವು. 2022ರ ಜೂನ್ ತಿಂಗಳಲ್ಲಿ ಕೇಂದ್ರ ಸಚಿವ ಸಂಪುಟವು ದೇಶದ ಸುಮಾರು 63,000 ಸಂಘಗಳನ್ನು ಗಣಕೀಕರಿಸುವ 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ನೀಡಿದ ಮೇಲೆ, ಇಂಥ ಸಂಘಗಳ ಲೆಕ್ಕವು ಎಲ್ಲೋ ದೂರದಲ್ಲಿರುವ ಸರ್ವರಿಗೆ ಹೋಗಿ ಸೇರುವುದೇ ರೂಢಿಯಾಗತೊಡಗಿದೆ, ಮತ್ತು ಲೆಡ್ಜರಿನಲ್ಲಿ ಎಂದೂ ತಲೆನೋವಾಗದಿದ್ದ ತಾರೀಕು ಈ ಪ್ರಯಾಣದಲ್ಲಿ ಎಲ್ಲಕ್ಕಿಂತ ಹೆಚ್ಚು ತೊಡಕು ಕೊಡುವ ಸಂಗತಿಯಾಗಿದೆ.

ದತ್ತಸಂಚಯ ಅಥವಾ ಡಾಟಾಬೇಸ್ ಎಂದರೆ ಕಾಲಂಗಳಾಗಿ ವಿಂಗಡಿಸಿಟ್ಟ ಮಾಹಿತಿಯ ಭಂಡಾರ. ಅದರ ಪ್ರತಿಯೊಂದು ಕಾಲಂ ಯಾವ ಬಗೆಯ ಮಾಹಿತಿಯನ್ನು ಹಿಡಿದಿಡಬೇಕು ಎಂಬುದು ಮೊದಲೇ ಗೊತ್ತಾಗಿರುತ್ತದೆ. ಹೆಸರಿನ ಕಾಲಂ ಏನನ್ನಾದರೂ ಸ್ವೀಕರಿಸುತ್ತದೆ, ತಾರೀಕಿನ ಕಾಲಂ ಪಂಚಾಂಗದಲ್ಲಿ ಇರುವ ದಿನವನ್ನಷ್ಟೇ ಸ್ವೀಕರಿಸುತ್ತದೆ. ಜೂನ್ 31 ಎಂದು ಬರೆದರೆ ಲೆಡ್ಜರಿನ ಹಾಳೆ ಆಕ್ಷೇಪಿಸುವುದಿಲ್ಲ, ಡಾಟಾಬೇಸ್ ಆಕ್ಷೇಪಿಸುತ್ತದೆ. ದೂರದ ಡಾಟಾಬೇಸನ್ನು ಪರಿಷ್ಕರಿಸುವಾಗ ಗುಮಾಸ್ತರು ಎಂಟ್ರಿ ಮಾಡುವ ಪರದೆ, ಆ ಎಂಟ್ರಿಯನ್ನು ಹೊತ್ತೊಯ್ಯುವ ಡ್ರೈವರ್ ಎಂಬ ನಡುವಿನ ತಂತ್ರಾಂಶ, ಕೊನೆಯಲ್ಲಿ ಬರೆದುಕೊಳ್ಳುವ ಸರ್ವರ್ ಎಂಬ ಮೂರು ಕಾರ್ಯಕ್ರಮಗಳಾದರೂ ಕೈ ಜೋಡಿಸಬೇಕಾಗುತ್ತದೆ. ಈ ಮೂರೂ ತಾರೀಕನ್ನು ಒಂದೇ ರೀತಿ ಓದುತ್ತವೆ ಎಂಬ ಖಾತರಿ ಇಲ್ಲದಿರುವುದೇ ದೋಷದ ಮೂಲ.

ಪುತ್ತೂರಿನ ಮಹಾಲಿಂಗೇಶ್ವರ ದೇವರ ಜಾತ್ರೆಗೆ ಪ್ರತಿವರ್ಷ ಎಪ್ರಿಲ್ 10ರಂದು ಕೊಡಿ, ಅಂದರೆ ಧ್ವಜ, ಏರುತ್ತದೆ, 17ರಂದು ಬ್ರಹ್ಮರಥೋತ್ಸವ ನಡೆಯುತ್ತದೆ. ಊರಿನ ಮಕ್ಕಳಿಗೂ ಬಾಯಿಪಾಠವಾಗಿರುವ ಈ ಎರಡು ತಾರೀಕುಗಳನ್ನು ಭಾರತದ ರೂಢಿಯಂತೆ ದಿನ, ತಿಂಗಳು, ವರ್ಷ ಎಂಬ ಕ್ರಮದಲ್ಲಿ 10-04-2024, 17-04-2024 ಎಂದು ಬರೆದು, ತಿಂಗಳನ್ನು ಮೊದಲು ಓದುವ ಅಮೆರಿಕದ ರೂಢಿಯ ಸರ್ವರಿಗೆ ಕಳುಹಿಸಿದರೆ ಏನಾಗುತ್ತದೆ ಎಂಬುದನ್ನು ನೋಡಬಹುದು. ಹದಿನೇಳನೆಯ ತಿಂಗಳು ಎಂಬುದು ಇಲ್ಲದ ಕಾರಣ ಎರಡನೆಯದನ್ನು ಸರ್ವರ್ ತಿರಸ್ಕರಿಸುತ್ತದೆ. ಒರಾಕಲ್ ಎಂಬ ಡಾಟಾಬೇಸ್ ಆದರೆ 01843 ಎಂಬ ಸಂಖ್ಯೆಯೊಂದಿಗೆ ಇದು ತಿಂಗಳೇ ಅಲ್ಲ ಎನ್ನುತ್ತದೆ. ಮೊದಲನೆಯದರ ಬಗ್ಗೆ ಮಾತ್ರ ಅಂಥ ತಕರಾರು ಏಳುವುದಿಲ್ಲ. ಕೊಡಿ ಏರಿದ ದಿನ ಅಕ್ಟೋಬರ್ 4 ಆಗಿ ಸದ್ದಿಲ್ಲದೆ ದಾಖಲಾಗುತ್ತದೆ. ದೋಷಸಂದೇಶ ಕಂಡರೆ ಸಿಬ್ಬಂದಿ ಬೇಸರಪಡುವುದು ಸಹಜವಾದರೂ ಕೆಂಪು ಅಕ್ಷರದಲ್ಲಿ ಮರಳಿ ಬಂದ ತಾರೀಕಿಗಿಂತ ಹಸಿರು ಗುರುತಿನೊಂದಿಗೆ ಒಳಹೋದ ತಪ್ಪು ತಾರೀಕೇ ಹೆಚ್ಚು ಅಪಾಯಕಾರಿ, ಏಕೆಂದರೆ ಅದನ್ನು ಹುಡುಕಬೇಕೆಂಬ ಯೋಚನೆಯೇ ಯಾರಿಗೂ ಬರುವುದಿಲ್ಲ.

ಕೆಲವು ತಂತ್ರಾಂಶಗಳ ಅತಿಯಾದ ಉಪಕಾರಬುದ್ಧಿ ಇದನ್ನು ಇನ್ನಷ್ಟು ಕೆಡಿಸುತ್ತದೆ. ಸಣ್ಣ ಕಚೇರಿಗಳಲ್ಲಿ ಬಹಳ ಕಾಲದಿಂದ ಬಳಕೆಯಲ್ಲಿರುವ ಮೈಕ್ರೋಸಾಫ್ಟ್ ಆಕ್ಸೆಸ್ ತನ್ನ ಆದೇಶಗಳಲ್ಲಿ ಬರುವ ತಾರೀಕನ್ನು ಅಮೆರಿಕದ ಕ್ರಮದಲ್ಲಿಯೇ ಓದುತ್ತದೆ, ಆದರೆ 17/04 ಎಂಬುದನ್ನು ಹಾಗೆ ಓದಲಾಗದೆ ಹೋದಾಗ ದೋಷ ತೋರಿಸುವ ಬದಲು ತಾನೇ ತಿರುವಿ ಎಪ್ರಿಲ್ 17 ಎಂದು ಅರ್ಥಮಾಡಿಕೊಳ್ಳುತ್ತದೆ. ಪರಿಣಾಮವಾಗಿ ತಿಂಗಳ 13ರಿಂದ ಮುಂದಿನ ತಾರೀಕುಗಳೆಲ್ಲ ಸರಿಯಾಗಿಯೂ 12ರ ವರೆಗಿನವು ತಲೆಕೆಳಗಾಗಿಯೂ ಒಂದೇ ಕಾಲಂನಲ್ಲಿ ಬೆರೆತು ಕುಳಿತಿರುತ್ತವೆ. ವರ್ಷವನ್ನು ಮೊದಲು ಬರೆದರೆ ಗೊಂದಲವಿಲ್ಲ ಎಂಬ ನಂಬಿಕೆಯೂ ಪೂರ್ತಿ ನಿಜವಲ್ಲ. ವರ್ಷ, ತಿಂಗಳು, ದಿನ ಎಂಬ ಕ್ರಮವನ್ನು ಐಎಸ್‌ಒ 8601 ಎಂಬ ಅಂತರರಾಷ್ಟ್ರೀಯ ಮಾನಕ 1988ರಲ್ಲಿಯೇ ಗೊತ್ತುಪಡಿಸಿದ್ದರೂ, ಎಸ್‌ಕ್ಯೂಎಲ್ ಸರ್ವರ್ ಎಂಬ ಡಾಟಾಬೇಸಿನ ಹಳೆಯ ತಾರೀಕು ಬಗೆಯು ಬಳಕೆದಾರರ ಭಾಷೆ ಬ್ರಿಟಿಷ್ ಇಂಗ್ಲಿಷ್ ಎಂದಿದ್ದಾಗ 2024-04-10 ಎಂಬುದನ್ನು ವರ್ಷ, ದಿನ, ತಿಂಗಳು ಎಂದು ಓದಿಬಿಡುತ್ತದೆ. ಅಡ್ಡಗೆರೆಯಿಲ್ಲದೆ 20240410 ಎಂದು ಬರೆದರೆ ಅದಕ್ಕೆ ಸಂಶಯ ಉಳಿಯುವುದಿಲ್ಲ. ತಾರೀಕನ್ನು ಅಕ್ಷರಗಳ ಸಾಲಾಗಿ ಆದೇಶದೊಳಗೆ ಅಂಟಿಸದೆ, ಇದು ತಾರೀಕು ಎಂದೇ ಗುರುತಿಸಿ ಪ್ರತ್ಯೇಕ ಮೌಲ್ಯವಾಗಿ ಸರ್ವರಿಗೆ ಒಪ್ಪಿಸುವ ಪದ್ಧತಿಯನ್ನು ತಜ್ಞರು ಒತ್ತಿ ಹೇಳುವುದು ಈ ಕಾರಣಕ್ಕಾಗಿಯೇ.

ದಕ್ಷಿಣ ಕನ್ನಡದ ಭೂದಾಖಲೆಗಳಲ್ಲಿ ಮತ್ತೆ ಮತ್ತೆ ಬರುವ ತಾರೀಕೊಂದು ಈ ಗೊಂದಲಕ್ಕೆ ಹೇಳಿ ಮಾಡಿಸಿದಂತಿದೆ. ಭೂಸುಧಾರಣಾ ಕಾಯಿದೆಯಂತೆ ಗೇಣಿದಾರರ ಸ್ವಾಧೀನದಲ್ಲಿದ್ದ ಜಮೀನುಗಳು ಸರಕಾರದಲ್ಲಿ ನಿಹಿತವಾದದ್ದು 1-3-1974ರಂದು, ಅಂದರೆ ಮಾರ್ಚ್ 1ರಂದು. ಡಿಕ್ಲರೇಶನ್ ಎಂದು ಹೆಸರಾದ 7ನೆಯ ನಮೂನೆಯ ಅರ್ಜಿ ಸಲ್ಲಿಸಲು ಕೊನೆಯ ದಿನವಾಗಿದ್ದದ್ದು 30-6-1979. ಎರಡನೆಯದನ್ನು ತಿರುಗಿಸಿ ಓದಲು ಸಾಧ್ಯವೇ ಇಲ್ಲ, ಮೊದಲನೆಯದು ಮಾತ್ರ 3ನೆಯ ಜನವರಿಯಾಗಿ ಜಮೀನು ನಿಹಿತವಾದ ದಿನಕ್ಕಿಂತ ಸುಮಾರು ಎರಡು ತಿಂಗಳು ಹಿಂದಕ್ಕೆ ಜಾರಬಲ್ಲದು. ಇದರ ಜೊತೆಗೆ ಮದ್ರಾಸ್ ಪ್ರಾಂತ್ಯದ ಕಾಲದ ಕಾಗದಗಳಲ್ಲಿ ಜುಲೈ 1ಕ್ಕೆ ಆರಂಭವಾಗುವ ಫಸಲಿ ವರ್ಷ ಇರುತ್ತದೆ. ಅದಕ್ಕೆ 590 ಕೂಡಿಸಿದರೆ ವರ್ಷ ಆರಂಭವಾಗುವ ಇಸವಿ ಸಿಗುತ್ತದೆ, 1360ನೆಯ ಫಸಲಿ ಎಂದರೆ 1950ರ ಜುಲೈಯಿಂದ 1951ರ ಜೂನ್ ವರೆಗೆ. ಇದನ್ನು ತಿಳಿಯದೆ 1360 ಎಂಬುದನ್ನು ಇಸವಿಯ ಜಾಗದಲ್ಲಿಯೇ ತುಂಬಿದರೆ, 1753ಕ್ಕಿಂತ ಹಿಂದಿನ ವರ್ಷವನ್ನು ಒಪ್ಪದ ಎಸ್‌ಕ್ಯೂಎಲ್ ಸರ್ವರ್‌ನ ಅದೇ ಹಳೆಯ ಬಗೆ ತಿರಸ್ಕರಿಸುತ್ತದೆ, ಬೇರೆ ಕೆಲವು ವ್ಯವಸ್ಥೆಗಳು ಯಾವ ಅನುಮಾನವೂ ಇಲ್ಲದೆ ವಿಜಯನಗರದ ಬುಕ್ಕರಾಯನ ಕಾಲಕ್ಕೆ ಅದನ್ನು ಸೇರಿಸಿಬಿಡುತ್ತವೆ.

ಇದರ ಬಿಸಿ ರೈತನಿಗೆ ತಟ್ಟುವುದು ಸಾಲದ ವಾಯಿದೆಯಲ್ಲಿ. ರಾಜ್ಯದಲ್ಲಿ ಸಹಕಾರಿ ಸಂಘಗಳ ಮೂಲಕ ದೊರೆಯುವ ಶೂನ್ಯ ಬಡ್ಡಿಯ ಬೆಳೆಸಾಲದ ಮಿತಿಯನ್ನು 2023-24ರಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಲಾಗಿದೆ, ಆದರೆ ಆ ರಿಯಾಯಿತಿ ವಾಯಿದೆಯೊಳಗೆ ಮರುಪಾವತಿ ಮಾಡಿದವರಿಗೆ ಮಾತ್ರ. 04-10-2024ರಂದು, ಅಂದರೆ ಅಕ್ಟೋಬರ್ 4ರಂದು, ಒಂದು ವರ್ಷದ ಸಾಲವನ್ನು ನವೀಕರಿಸಿಕೊಂಡ ಅಡಿಕೆ ಬೆಳೆಗಾರನೊಬ್ಬನ ತಾರೀಕು ಸರ್ವರಿನಲ್ಲಿ ಎಪ್ರಿಲ್ 10 ಎಂದಾಯಿತು ಎಂದು ಭಾವಿಸಿದರೆ, ಇನ್ನೂ ಸುಮಾರು ಆರು ತಿಂಗಳ ಅವಕಾಶ ಇರುವಾಗಲೇ 2025ರ ಎಪ್ರಿಲ್ ಕಳೆಯುವಷ್ಟರಲ್ಲಿ ಅವನ ಹೆಸರು ಸುಸ್ತಿದಾರರ ಪಟ್ಟಿಗೆ ಸೇರಿರುತ್ತದೆ.

ಇಡೀ ದಿನವೊಂದು ಹಿಂದಕ್ಕೆ ಸರಿಯುವ ದೋಷದ ಕಾರಣ ಬೇರೆ. ಸರ್ವರುಗಳು ಸಾಮಾನ್ಯವಾಗಿ ಕಾಲವನ್ನು ಜಾಗತಿಕ ಸಮಯದಲ್ಲಿ ಇಟ್ಟುಕೊಳ್ಳುತ್ತವೆ, ಭಾರತೀಯ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದಿದೆ. ಬರಿಯ ತಾರೀಕನ್ನು ಕೊಟ್ಟಾಗ ಕಾರ್ಯಕ್ರಮವು ಅದಕ್ಕೆ ಮಧ್ಯರಾತ್ರಿ 12 ಗಂಟೆ ಎಂಬ ವೇಳೆಯನ್ನು ತಾನಾಗಿ ಸೇರಿಸಿ, ಬಳಿಕ ಜಾಗತಿಕ ಸಮಯಕ್ಕೆ ಪರಿವರ್ತಿಸಿದರೆ ಅದು ಹಿಂದಿನ ದಿನದ ಸಂಜೆ ಆರೂವರೆಯಾಗುತ್ತದೆ. ವೇಳೆಯನ್ನು ಕತ್ತರಿಸಿ ತಾರೀಕನ್ನಷ್ಟೇ ಉಳಿಸಿಕೊಂಡಾಗ ಒಂದು ದಿನ ಕಾಣೆಯಾಗಿರುತ್ತದೆ. ಹಾಗೆಂದು ಒಂದು ದಿನದ ವ್ಯತ್ಯಾಸವೆಲ್ಲವೂ ದೋಷವಲ್ಲ. ಹವಾಮಾನ ಇಲಾಖೆಯ ಕ್ರಮದಲ್ಲಿ ಮಳೆಯ ದಿನ ಮುಗಿಯುವುದು ಬೆಳಗ್ಗೆ 8:30ಕ್ಕೆ, ಜಾಗತಿಕ ಸಮಯದ ಮೂರು ಗಂಟೆಗೆ; ಜೂನ್ 14ರ ರಾತ್ರಿ ಸುರಿದ ಮಳೆ ಜೂನ್ 15ರ ಲೆಕ್ಕಕ್ಕೆ ಹೋಗುತ್ತದೆ. ಅಂಗಳದಲ್ಲಿ ಮಳೆಮಾಪಕವಿಟ್ಟು ಡೈರಿಯಲ್ಲಿ ಲೆಕ್ಕ ಬರೆದಿಡುವ ಕೃಷಿಕರು ಈ ಭಾಗದಲ್ಲಿ ಇದ್ದಾರೆ, ಅಡಿಕೆ ಮತ್ತು ಕಾಳುಮೆಣಸಿನ ಹವಾಮಾನ ಆಧಾರಿತ ವಿಮೆಯೂ ಮಳೆಯ ದಾಖಲೆಯನ್ನೇ ನೆಚ್ಚಿಕೊಂಡಿದೆ. ಹೀಗಾಗಿ ಡೈರಿ ಮತ್ತು ಸರ್ವರುಗಳ ನಡುವೆ ಒಂದು ದಿನದ ಅಂತರ ಕಂಡಾಗ ತಿದ್ದುವುದಕ್ಕೆ ಮೊದಲು ದಿನ ಎಲ್ಲಿಂದ ಎಲ್ಲಿಗೆ ಎಂಬುದನ್ನು ವಿಚಾರಿಸಬೇಕು.

ಖಾಲಿ ಬಿಟ್ಟ ತಾರೀಕಿನದು ಇನ್ನೊಂದು ಕತೆ. ಗೊತ್ತಿಲ್ಲದ ತಾರೀಕಿನ ಜಾಗದಲ್ಲಿ ಬರಿಯ ಸೊನ್ನೆಗಳನ್ನು ತುಂಬಲು ಮೈಎಸ್‌ಕ್ಯೂಎಲ್ ಎಂಬ ಡಾಟಾಬೇಸ್ ಹಿಂದೆ ಅವಕಾಶ ಕೊಡುತ್ತಿತ್ತು, 2015ರಲ್ಲಿ ಬಂದ 5.7ನೆಯ ಆವೃತ್ತಿಯಿಂದ ಬಿಗಿ ನಿಯಮವೇ ಸಹಜ ಸ್ಥಿತಿಯಾಯಿತು. ಹತ್ತಾರು ವರ್ಷ ನಡೆದ ಎಂಟ್ರಿಯು ಸರ್ವರ್ ಬದಲಾದ ಮರುದಿನದಿಂದ ತಿರಸ್ಕೃತವಾಗತೊಡಗಿದರೆ ಮೊದಲು ಶಂಕಿಸಬೇಕಾದದ್ದು ಇದನ್ನೇ. ವರದಿಯಲ್ಲಿ ಹತ್ತಾರು ಸದಸ್ಯರು 1-1-1970ರಂದು ಹುಟ್ಟಿದವರಂತೆ ಕಂಡರೆ ಅದು ಯುನಿಕ್ಸ್ ಗಡಿಯಾರ ಎಣಿಕೆ ಆರಂಭಿಸುವ ದಿನ, ಅಂದರೆ ಅಲ್ಲಿ ತಾರೀಕೇ ಇರಲಿಲ್ಲ ಎಂದು ತಿಳಿಯಬೇಕು. ತಾರೀಕಿನ ಜಾಗದಲ್ಲಿ 45392 ಎಂಬಂಥ ಅಂಕೆ ಕಂಡರೆ ಅದು ಎಕ್ಸೆಲ್ 1900ರಿಂದ ಎಣಿಸಿದ ದಿನಗಳ ಸಂಖ್ಯೆ, ಎಪ್ರಿಲ್ 10, 2024. ಆಧಾರ್ ಕಾರ್ಡಿನಲ್ಲಿ ಹುಟ್ಟಿದ ವರ್ಷ ಮಾತ್ರ ಇರುವ ಹಿರಿಯರಿಗೆ ಜನವರಿ 1 ಎಂದು ಕಲ್ಪಿಸಿ ತುಂಬುವುದಕ್ಕಿಂತ, ವರ್ಷಕ್ಕೇ ಬೇರೆ ಕಾಲಂ ಇಟ್ಟು ತಾರೀಕಿನ ಜಾಗವನ್ನು ಖಾಲಿಯೆಂದೇ ಘೋಷಿಸುವುದು ಪ್ರಾಮಾಣಿಕ ಕ್ರಮ.

ಮಳೆಗಾಲದಲ್ಲಿ ಕರೆಂಟು ಮತ್ತು ನೆಟ್‌ವರ್ಕ್ ಎರಡೂ ಕೈಕೊಡುವ ಘಟ್ಟದ ತಪ್ಪಲಿನ ಹಳ್ಳಿಗಳಲ್ಲಿ ದಿನದ ಎಂಟ್ರಿಗಳನ್ನು ಕಂಪ್ಯೂಟರಿನಲ್ಲಿಯೇ ಕೂಡಿಟ್ಟು, ಸಂಪರ್ಕ ಸಿಕ್ಕಾಗ ಒಟ್ಟಿಗೆ ಕಳುಹಿಸುವುದು ಅನಿವಾರ್ಯ. ಆಗ ಇಡೀ ಕಂತೆಯನ್ನು ಒಂದೇ ವ್ಯವಹಾರವೆಂದು ಪರಿಗಣಿಸುವ ಸರ್ವರ್, ಇನ್ನೂರು ಎಂಟ್ರಿಗಳಲ್ಲಿ ಒಂದು ತಾರೀಕು ತಪ್ಪಿದರೂ ಎಲ್ಲವನ್ನೂ ಹಿಂದಿರುಗಿಸುತ್ತದೆ, ಕಚೇರಿಯಲ್ಲಿ ಸರ್ವರ್ ಸರಿಯಿಲ್ಲ ಎಂಬ ಮಾತು ಹುಟ್ಟುತ್ತದೆ. ಕಂತೆಯನ್ನು ಅರ್ಧರ್ಧವಾಗಿ ಒಡೆದು ಪ್ರಯೋಗಿಸಿದರೆ, ಯಾವ ಅರ್ಧ ಮರಳುತ್ತದೋ ಅದನ್ನು ಮತ್ತೆ ಒಡೆಯುತ್ತ ಹೋದರೆ, ಇನ್ನೂರರಲ್ಲಿ ಒಂದನ್ನು ಎಂಟು ಸುತ್ತಿನೊಳಗೆ ಹಿಡಿಯಬಹುದು. ಸಿಕ್ಕ ಆ ಒಂದು ಸಾಲನ್ನು ಲೆಡ್ಜರಿನಲ್ಲಿ, ಪರದೆಯ ಮೇಲೆ, ಕಳುಹಿಸಿದ ಆದೇಶದಲ್ಲಿ, ಸರ್ವರಿನ ದೋಷದಾಖಲೆಯಲ್ಲಿ ಹೀಗೆ ನಾಲ್ಕು ಕಡೆ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ತಾರೀಕು ಮೊದಲು ಬದಲಾದ ಜಾಗ ಕಾಣುತ್ತದೆ, ಮದ್ದು ಬೇಕಾದದ್ದು ಅಲ್ಲಿಗೇ.

ಈಗಾಗಲೇ ಒಳಹೋಗಿ ಕುಳಿತಿರುವ ತಪ್ಪುಗಳನ್ನು ಪತ್ತೆಹಚ್ಚುವ ಕೆಲಸ ನಿಧಾನದ್ದು. ವಹಿವಾಟಿನ ತಾರೀಕು ಎಂಟ್ರಿಯ ತಾರೀಕಿಗಿಂತ ಮುಂದಿರುವ ಸಾಲುಗಳು, ರಜಾದಿನದಲ್ಲಿ ನಡೆದಂತೆ ತೋರುವ ಪಾವತಿಗಳು, ಕಡಬ ತಾಲೂಕು ರಚನೆಯಾಗುವ ಮೊದಲಿನ ತಾರೀಕನ್ನು ಹೊತ್ತೂ ಕಡಬದ ಹೆಸರಿನಲ್ಲಿರುವ ದಾಖಲೆಗಳು ಮೊದಲ ಸುಳಿವು. ದಿನದ ಅಂಕೆ 12ನ್ನು ಮೀರಿದ ಸಾಲುಗಳು ಅದಲುಬದಲಾಗಿರಲು ಸಾಧ್ಯವಿಲ್ಲ, ದಿನ ಮತ್ತು ತಿಂಗಳು ಎರಡೂ ಒಂದೇ ಅಂಕೆಯಾಗಿರುವವು ಅದಲುಬದಲಾಗಿದ್ದರೂ ಚಿಂತೆಯಿಲ್ಲ. ಉಳಿದವನ್ನು ಒಂದೊಂದಾಗಿ ರಶೀದಿ ಪುಸ್ತಕದೊಂದಿಗೆ ತಾಳೆ ನೋಡಬೇಕು, ಹಳೆಯ ಮೌಲ್ಯವನ್ನು ಅಳಿಸದೆ ಪಕ್ಕದ ಕಾಲಂನಲ್ಲಿ ಉಳಿಸಿ, ತಿದ್ದಿದವರ ಹೆಸರು ಮತ್ತು ದಿನವನ್ನು ನಮೂದಿಸಬೇಕು. ರಶೀದಿ ಪುಸ್ತಕಗಳನ್ನು ಗುಜರಿಗೆ ಹಾಕುವ ನಿರ್ಣಯವನ್ನು ಆಡಳಿತ ಮಂಡಳಿಗಳು ಈ ತಾಳೆ ಮುಗಿಯುವ ವರೆಗಾದರೂ ಮುಂದೂಡುವುದು ಒಳ್ಳೆಯದು.