ವೆನ್‌ಲಾಕ್ ಡಾಕ್ಟರರ ಒಲಿಂಪಿಕ್ಸ್

ಆಧುನಿಕ ಒಲಿಂಪಿಕ್ಸ್ ಜನಕ ಯಾರು ಎಂದರೆ ಕ್ವಿಜ್‌ಗೆ ಕೂತ ಮಕ್ಕಳೆಲ್ಲ ಫ್ರಾನ್ಸಿನ ಕೂಬರ್ತಾನ್ ಹೆಸರು ಹೇಳುತ್ತಾರೆ. ತಪ್ಪೇನಲ್ಲ. ಆದರೆ ಅದೇ ಕೂಬರ್ತಾನ್ 1890ರ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನ ಶ್ರಾಪ್‌ಶೈರ್‌ನ ಮಚ್ ವೆನ್‌ಲಾಕ್ ಎಂಬ ಪುಟ್ಟ ಊರಿಗೆ ಹೋಗಿ, ಎಂಬತ್ತೊಂದರ ವೈದ್ಯರೊಬ್ಬರನ್ನು ಕಂಡಿದ್ದರು. ಆ ಊರಿನ ಒಲಿಂಪಿಕ್ಸ್‌ಗೆ ಆಗಲೇ ನಲವತ್ತು ವರ್ಷ.

ವಿಲಿಯಂ ಪೆನಿ ಬ್ರೂಕ್ಸ್ ಅಲ್ಲೇ ಹುಟ್ಟಿದವರು. ಅಪ್ಪನೂ ಊರಿನ ವೈದ್ಯರೇ. 1841ರಲ್ಲಿ ಬ್ರೂಕ್ಸ್ ರೈತರಿಗೆ, ಕೂಲಿಗಳಿಗೆಂದು ಓದುವ ಸಂಘ ಕಟ್ಟಿದರು. ಪುಸ್ತಕದಿಂದ ತಲೆಗೆ ಕಸುವು ಬಂದೀತು, ಮೈಗೆ? 1850ರಲ್ಲಿ ಅದೇ ಸಂಘದೊಳಗೆ ಒಲಿಂಪಿಯನ್ ವಿಭಾಗ ಶುರುವಾಯಿತು.

ಮೊದಮೊದಲು ಅದು ಅರ್ಧ ಗ್ರೀಸು, ಅರ್ಧ ಊರಜಾತ್ರೆ. ಕ್ರಿಕೆಟ್, ಓಟ, ಜಿಗಿತಗಳ ಜೊತೆಗೆ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಕೈಗಾಡಿ ತಳ್ಳುವ ಪಂದ್ಯ. ಒಮ್ಮೆ ಮುದುಕಿಯರ ಓಟ, ಗೆದ್ದವಳಿಗೆ ಒಂದು ಪೌಂಡ್ ಚಹಾಪುಡಿ. ನಗು ಬರುತ್ತದೆ, ನಿಜ. ಬ್ರೂಕ್ಸ್ ಮಾತ್ರ ಇದನ್ನು ತಮಾಷೆಗೆ ಮಾಡಿದವರಲ್ಲ. ಬ್ಯಾಂಡು, ಬಾವುಟಗಳೊಂದಿಗೆ ಊರೊಳಗೆ ಮೆರವಣಿಗೆ ಹೊರಡುತ್ತಿತ್ತು. ಗೆದ್ದವನು ಗಣ್ಯ ಮಹಿಳೆಯೊಬ್ಬರ ಮುಂದೆ ಮಂಡಿಯೂರಿದರೆ ತಲೆಗೆ ಎಲೆಗಳ ಕಿರೀಟ. ಕೂಲಿ ಮಾಡುವವನಿಗೂ ಅದೇ ಮರ್ಯಾದೆ!

ಲಂಡನ್ನಿನ ದೊಡ್ಡಮನುಷ್ಯರಿಗೆ ಸರಿಬರದಿದ್ದುದು ಇದೇ. 1866ರಲ್ಲಿ ಬ್ರೂಕ್ಸ್ ಮತ್ತು ಸಂಗಡಿಗರು ಕ್ರಿಸ್ಟಲ್ ಪ್ಯಾಲೇಸಿನಲ್ಲಿ ರಾಷ್ಟ್ರಮಟ್ಟದ ಕೂಟ ನಡೆಸಿದರು. ಹದಿನೆಂಟರ ಕ್ರಿಕೆಟಿಗ ಡಬ್ಲ್ಯು. ಜಿ. ಗ್ರೇಸ್ ಓವಲ್‌ನಲ್ಲಿ ಸರ್ರೆ ವಿರುದ್ಧ ಅಜೇಯ 224 ಹೊಡೆದು, ಪಂದ್ಯ ಮುಗಿಯುವ ಮುನ್ನವೇ ಅನುಮತಿ ಪಡೆದು ಇಲ್ಲಿಗೆ ಓಡಿಬಂದು ಹರ್ಡಲ್ಸ್ ಗೆದ್ದರು. ಆದರೆ ಅದೇ ವರ್ಷ ಹುಟ್ಟಿದ ಅಮೆಚೂರ್ ಅಥ್ಲೆಟಿಕ್ ಕ್ಲಬ್, ಕೈಕೆಲಸದವರನ್ನೂ ಕೂಲಿಗಳನ್ನೂ ಹೊರಗಿಟ್ಟಿತು.

ಬ್ರೂಕ್ಸ್ ಕಣ್ಣು ಗ್ರೀಸಿನ ಮೇಲೂ ಇತ್ತು. 1859ರಲ್ಲಿ ಅಥೆನ್ಸ್‌ನಲ್ಲಿ ನಡೆದ ಒಲಿಂಪಿಕ್ ಕೂಟಕ್ಕೆ ವೆನ್‌ಲಾಕ್‌ನಿಂದ 10 ಪೌಂಡ್ ಬಹುಮಾನ ಹೋಗಿತ್ತು. ಎಲ್ಲ ದೇಶದವರೂ ಸೇರುವ ಕೂಟ ನಡೆಸಿ ಎಂದು ಬ್ರೂಕ್ಸ್ ಮುಂದೆ ಎಷ್ಟು ಬರೆದರೂ ಗ್ರೀಕ್ ಸರ್ಕಾರ ಮಿಸುಕಲಿಲ್ಲ. ಕೂಬರ್ತಾನ್ ಹಾಗಲ್ಲ. ವೆನ್‌ಲಾಕ್‌ನಿಂದ ಮರಳಿದ ವರ್ಷವೇ ಲೇಖನ ಬರೆದು, ಒಲಿಂಪಿಕ್ಸ್ ಇನ್ನೂ ಬದುಕಿರುವುದು ಈ ವೈದ್ಯರಿಂದ ಎಂದು ಒಪ್ಪಿಕೊಂಡರು. 1896ರ ಏಪ್ರಿಲ್‌ನಲ್ಲಿ ಅಥೆನ್ಸ್‌ನಲ್ಲಿ ಕೂಟ ಆರಂಭವಾದಾಗ ಬ್ರೂಕ್ಸ್ ತೀರಿಕೊಂಡು ನಾಲ್ಕು ತಿಂಗಳಾಗಿತ್ತು.

ಅವರ ಆಡಂಬರ ಒಲಿಂಪಿಕ್ಸ್‌ಗೆ ಬಂತು, ಧಾರಾಳತನ ಬರಲಿಲ್ಲ. ಅಮೆಚೂರ್ ಎಂಬ ಬೇಲಿ ಅಲ್ಲೂ ದಶಕಗಳ ಕಾಲ ನಿಂತಿತು. ಜನಕನ ಪಟ್ಟವಂತೂ ಫ್ರಾನ್ಸಿಗೇ ಹೋಯಿತು. 2012ರ ಲಂಡನ್ ಒಲಿಂಪಿಕ್ಸ್‌ನವರು ತಮ್ಮ ಒಂಟಿಕಣ್ಣಿನ ಲಾಂಛನಗೊಂಬೆಗೆ ‘ವೆನ್‌ಲಾಕ್’ ಎಂದು ಹೆಸರಿಟ್ಟರು.